‘ಡಿಸ್ಟರ್ಬ್’ ಅನ್ನೋದಕ್ಕೆ ‘ಕೆದಕು’ ಸರಿಯೇ? ಕಲ್ನಾರು ತಪಾಸಣೆಯ ಕೆಲವು ಪದಗಳು

ಎಲ್ಲರಿಗೂ ನಮಸ್ಕಾರ.

ಹಳೇ ಕಟ್ಟಡ ಕೆಡವುವ ಮುಂಚೆ, ಅಥವಾ ಅದರಲ್ಲಿ ದೊಡ್ಡ ರಿಪೇರಿಗೆ ಕೈ ಹಾಕುವ ಮುಂಚೆ, ಒಳಗೆ ಎಲ್ಲೆಲ್ಲಿ ಆಸ್ಬೆಸ್ಟಾಸ್ (ಅಂದರೆ ಕಲ್ನಾರು) ಇದೆ ಅಂತ ಹುಡುಕಿಸುತ್ತಾರಲ್ಲ, ಆ ಕೆಲಸದ ಬಗ್ಗೆ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಓದುವವರು ಎಂಜಿನಿಯರುಗಳಲ್ಲ. ಗೋಡೆ ಒಡೆಯುವವರು, ವೈರಿಂಗ್ ಮಾಡುವವರು, ಮೇಸ್ತ್ರಿಗಳು. ಹೆಚ್ಚಿನ ಪದಗಳಿಗೆ ಹೇಗೋ ದಾರಿ ಸಿಕ್ಕಿದೆ. ಒಂದು ಮಾತ್ರ ಹಲ್ಲಿಗೆ ಸಿಕ್ಕಿದ ನಾರಿನ ಹಾಗೆ ಕಾಡುತ್ತಿದೆ. ಅದು ‘ಡಿಸ್ಟರ್ಬ್’.

ಮೊದಲ ಕರಡಿನಲ್ಲಿ ನಿಘಂಟು ನೋಡಿಕೊಂಡು ‘ಆಸ್ಬೆಸ್ಟಾಸ್‌ಗೆ ತೊಂದರೆ ಕೊಡಬೇಡಿ’ ಅಂತ ಬರೆದಿದ್ದೆ. ಓದಿದ ಮೇಸ್ತ್ರಿಯೊಬ್ಬರು, ‘ತೊಂದರೆ ಅದರಿಂದ ನಮಗೋ, ನಮ್ಮಿಂದ ಅದಕ್ಕೋ?’ ಅಂತ ಕೇಳಿದರು. ನನ್ನ ಮುಖ ಸಣ್ಣದಾಯಿತು. ಆದರೆ ಇಡೀ ಕೈಪಿಡಿ ನಿಂತಿರುವುದೇ ಈ ಒಂದು ಕ್ರಿಯಾಪದದ ಮೇಲೆ. ಗಟ್ಟಿಯಾಗಿ, ಮುಕ್ಕಾಗದೆ, ಮೇಲೆ ಬಣ್ಣ ಬಳಿಸಿಕೊಂಡು ಸುಮ್ನೆ ಕೂತಿರುವ ಹಲಗೆಯಿಂದ ಅಪಾಯ ತೀರಾ ಕಮ್ಮಿ. ಅದೇ ಹಲಗೆಗೆ ಡ್ರಿಲ್ ಹಾಕಿದರೆ, ಗರಗಸ ಆಡಿಸಿದರೆ, ಉಜ್ಜಿದರೆ, ಕಿತ್ತೆಳೆದರೆ ಕಣ್ಣಿಗೆ ಕಾಣದ ಎಳೆಗಳು ಗಾಳಿಗೆ ಏಳುತ್ತವೆ, ಉಸಿರಿನ ಜೊತೆ ಶ್ವಾಸಕೋಶಕ್ಕೆ ಇಳಿಯುತ್ತವೆ, ಕಾಯಿಲೆ ತಲೆ ಎತ್ತುವುದು ಎಷ್ಟೋ ಸಲ 20–40 ವರ್ಷ ಆದಮೇಲೆ. ಈ ‘ಸುಮ್ನೆ ಇದ್ದದ್ದು’ ಮತ್ತು ‘ಗಾಳಿಗೆ ಎದ್ದದ್ದು’ ಎರಡರ ನಡುವಿನ ಕೆಲಸಕ್ಕೆ ಪದ ಬೇಕು.

‘ಅಲುಗಿಸು’ ಅಂದರೆ ಜಾಗ ಬದಲಿಸಿದ ಹಾಗೆ. ‘ಕಲಕು’, ‘ಕದಡು’ ಎರಡೂ ನೀರಿನ ಪದಗಳು. ‘ಮುಟ್ಟಬೇಡಿ’ ಅಂದರೆ ಹೆದರಿಕೆ ಜಾಸ್ತಿ ಆಯಿತು. ಗಟ್ಟಿ ಹಲಗೆಗೆ ಕೈ ತಾಗಿದ ಮಾತ್ರಕ್ಕೆ ರೋಗ ಬರುವುದಿಲ್ಲ. ನನಗೆ ಹೊಂದಿದ್ದು ‘ಕೆದಕು’. ಕೋಳಿ ತಿಪ್ಪೆ ಕೆದಕುತ್ತದೆ, ನಾವು ಹಳೇ ಜಗಳ ಕೆದಕುತ್ತೇವೆ, ಗಾಯ ಕೆದಕಿದರೆ ಮಾಗುವುದಿಲ್ಲ. ತೆಪ್ಪಗಿದ್ದದ್ದನ್ನು ಎಬ್ಬಿಸುವುದು ಅನ್ನುವ ಅರ್ಥ ಎಲ್ಲದರಲ್ಲೂ ಇದೆ ಅಲ್ವಾ? ‘ಕಲ್ನಾರನ್ನು ಕೆದಕಬೇಡಿ’ ಅಂದಾಗ ಅದೇ ಮೇಸ್ತ್ರಿ ತಲೆಯಾಡಿಸಿದರು.

ಇನ್ನು ‘ಸರ್ವೆ’. ಕನ್ನಡದಲ್ಲಿ ಸರ್ವೆ ಅಂದರೆ ಸರಪಳಿ ಹಿಡಿದು ಜಮೀನು ಅಳೆಯುವವರು ಬಂದರು ಅಂತ. ಸಮೀಕ್ಷೆ ಅಂದರೆ ಚುನಾವಣೆ. ಎರಡನ್ನೂ ಬಿಟ್ಟು ‘ತಪಾಸಣೆ’ ಇಟ್ಟುಕೊಂಡಿದ್ದೇನೆ, ಇದರಲ್ಲಿ ಚರ್ಚೆಗೆ ಏನೂ ಇಲ್ಲ ಅಂದುಕೊಂಡಿದ್ದೇನೆ.

ಚರ್ಚೆ ಇರುವುದು ಅದರ ಬಗೆಗಳಲ್ಲಿ. ಬ್ರಿಟನ್ನಿನಲ್ಲಿ 2010ರಲ್ಲಿ ಬಂದ ಸರ್ಕಾರಿ ಮಾರ್ಗದರ್ಶಿ ಎರಡು ಬಗೆ ಹೇಳುತ್ತದೆ. ಮೊದಲನೆಯದು ಮ್ಯಾನೇಜ್‌ಮೆಂಟ್ ಸರ್ವೆ. ಜನ ಓಡಾಡಿಕೊಂಡಿರುವ ಕಟ್ಟಡದಲ್ಲಿ, ದಿನಬಳಕೆಗೋ ಸಣ್ಣಪುಟ್ಟ ದುರಸ್ತಿಗೋ ಅಡ್ಡ ಬರಬಹುದಾದ ಆಸ್ಬೆಸ್ಟಾಸ್ ಎಲ್ಲಿದೆ, ಯಾವ ಸ್ಥಿತಿಯಲ್ಲಿದೆ ಅಂತ ಪಟ್ಟಿ ಮಾಡುವುದು. ಎರಡನೆಯದು ರಿಫರ್ಬಿಶ್‌ಮೆಂಟ್ ಮತ್ತು ಡೆಮಾಲಿಷನ್ ಸರ್ವೆ. ಗೋಡೆಯೊಳಗೆ, ನೆಲದಡಿ, ಫಾಲ್ಸ್ ಸೀಲಿಂಗ್ ಮೇಲೆ, ಪೈಪು ಹಾದುಹೋಗುವ ಸಂದಿಯಲ್ಲಿ, ಬೇಕಾದರೆ ಒಡೆದೇ ನೋಡುವುದು, ಹಾಗಾಗಿ ಆ ಹೊತ್ತಿಗೆ ಆ ಭಾಗದಲ್ಲಿ ಬೇರೆ ಜನ ಇರಬಾರದು. ‘ನಿರ್ವಹಣಾ ಸಮೀಕ್ಷೆ’, ‘ನವೀಕರಣ ಮತ್ತು ನೆಲಸಮಪೂರ್ವ ಸಮೀಕ್ಷೆ’ ಅಂತ ಬರೆದು ನೋಡಿದೆ. ಕಡತದ ಧೂಳು ಮೂಗಿಗೆ ಬಂತು. ಮೊದಲನೆಯದನ್ನು ‘ಕಣ್ಣಂದಾಜಿನ ತಪಾಸಣೆ’ ಅನ್ನೋಣವೆಂದರೆ ಅದರಲ್ಲೂ ಅಲ್ಲಲ್ಲಿ ಚೂರು ತೆಗೆದು ಲ್ಯಾಬಿಗೆ ಕಳಿಸುತ್ತಾರೆ. ಸದ್ಯಕ್ಕೆ ‘ಇದ್ದ ಹಾಗೆ ನೋಡುವ ತಪಾಸಣೆ’, ‘ಬಗೆದು ನೋಡುವ ತಪಾಸಣೆ’ ಅಂತ ಇಟ್ಟಿದ್ದೇನೆ. ‘ಬಗೆ’ ಅನ್ನುವ ಕ್ರಿಯಾಪದ ಇಲ್ಲಿ ಚೆನ್ನಾಗಿ ಕೂರುತ್ತದೆ. ಕೆದಕುವುದು ಗೊತ್ತಿಲ್ಲದೆ ಆಗುವ ಎಡವಟ್ಟು, ಬಗೆಯುವುದು ಗೊತ್ತಿದ್ದೂ ಬೇಕಂತಲೇ, ನೀರು ಚಿಮುಕಿಸಿಕೊಂಡು, ಮಾಸ್ಕ್ ಹಾಕಿಕೊಂಡು ಮಾಡುವ ಕೆಲಸ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ‘ಡಿಸ್ಟರ್ಬ್’ ಸಾಕಾಗುತ್ತದೆ. ನಮಗೆ ಎರಡು ಸಿಕ್ಕಿದೆ, ಬಿಡೋದ್ಯಾಕೆ?

ಮೇಲೆ ‘ಕಲ್ನಾರು’ ಅಂದೆ. ಇದು ನಾನು ಹುಟ್ಟಿಸಿದ್ದಲ್ಲ. ಕನ್ನಡದಲ್ಲಿ ಮೊದಲಿಂದ ಇರುವ ಪದ. ತಮಿಳಿನವರೂ ಕಲ್‌ನಾರ್ ಅನ್ನುತ್ತಾರೆ, ತೆಲುಗಿನಲ್ಲಿ ರಾತಿನಾರ. ಗ್ರೀಕಿನ ಆಸ್ಬೆಸ್ಟಾಸ್ ಅಂದರೆ ‘ಆರಿಸಲಾಗದ್ದು’ ಅಂತ, ಅದು ವಸ್ತು ಏನು ಅಂತ ಹೇಳುವುದೇ ಇಲ್ಲ. ಕಲ್ನಾರು ನೇರವಾಗಿ ಹೇಳುತ್ತದೆ: ಕಲ್ಲು, ಆದರೂ ನಾರು. ಆದರೆ ಬಾಯಲ್ಲಿ ಓಡುವುದು ‘ಆಸ್ಬೆಸ್ಟಾಸ್ ಶೀಟು’ ಮಾತ್ರ. ಅದರಿಂದ ಒಂದು ನಿಜವಾದ ತೊಂದರೆ ಇದೆ. ಆಸ್ಬೆಸ್ಟಾಸ್ ಅಂದ ತಕ್ಷಣ ಓದುವವರ ಕಣ್ಣ ಮುಂದೆ ಅಲೆಯಲೆಯ ಮಾಡಿನ ಶೀಟು ಬರುತ್ತದೆ, ‘ಇದು ತಾರಸಿ ಕಟ್ಟಡ, ಇಲ್ಲಿ ಅದೆಲ್ಲ ಇಲ್ಲ’ ಅಂತ ಹಾಳೆ ತಿರುಗಿಸುತ್ತಾರೆ. ಹಳೇ ವಿನೈಲ್ ನೆಲಹಾಸಿನಲ್ಲಿ, ಅದರಡಿಯ ಕಪ್ಪು ಅಂಟಿನಲ್ಲಿ, ಬಿಸಿನೀರಿನ ಪೈಪಿಗೆ ಸುತ್ತಿದ ಹೊದಿಕೆಯಲ್ಲಿ, ಚಾವಣಿಯ ಹಲಗೆಯಲ್ಲಿ, ಬೆಂಕಿ ತಡೆಯುವ ಬಾಗಿಲಿನ ಹೊಟ್ಟೆಯಲ್ಲಿ ಇದು ಇರಬಹುದು ಅಂತ ಅವರಿಗೆ ಹೊಳೆಯುವುದೇ ಇಲ್ಲ. ಹಾಗಾಗಿ ಶೀಟಿನ ನೆನಪು ಬಿಡಿಸುವುದಕ್ಕಾದರೂ ಕಲ್ನಾರು ಬಳಸೋಣ ಅಂತ ನನ್ನ ವಾದ. ಒಬ್ಬರು, ‘ನಾರು ಅಂದರೆ ಕೆಟ್ಟ ವಾಸನೆ ಅಂದುಕೊಳ್ಳಲ್ವಾ?’ ಅಂದರು. ಕಲ್ನಾರು ನಾರುವುದಿಲ್ಲ. ನಾರಿದ್ದರೆ ತಪಾಸಣೆಯೇ ಬೇಕಿರಲಿಲ್ಲ, ಮೂಗೇ ಸಾಕಿತ್ತು. ಕಣ್ಣೂ ಸಾಲದು. ಕಲ್ನಾರಿನ ಬಗೆಗಳಿಗೆ ಬಿಳಿ, ಕಂದು, ನೀಲಿ ಅಂತ ಬಣ್ಣದ ಹೆಸರುಗಳಿವೆ ನಿಜ, ಆದರೆ ಸಿಮೆಂಟಿನಲ್ಲೋ ಅಂಟಿನಲ್ಲೋ ಬೆರೆತ ಮೇಲೆ ಆ ಬಣ್ಣ ನೋಡಿ ಹೇಳಲಾಗುವುದಿಲ್ಲ, ಸೂಕ್ಷ್ಮದರ್ಶಕದ ಅಡಿ ಇಡಲೇಬೇಕು.

‘ಫ್ರೈಯಬಲ್’ ಅಂತ ಒಂದಿದೆ. ಅಮೆರಿಕದ ನಿಯಮದ ಪ್ರಕಾರ, ಒಣಗಿದ್ದಾಗ ಬರಿಗೈಯಲ್ಲಿ ಹಿಸುಕಿದರೆ ಪುಡಿಯಾಗುವಂಥದ್ದು, ಮತ್ತು ಅದರಲ್ಲಿ 1%ಗಿಂತ ಜಾಸ್ತಿ ಆಸ್ಬೆಸ್ಟಾಸ್ ಇರುವಂಥದ್ದು. ಇದನ್ನೂ ‘ಬ್ರಿಟಲ್’ (ಪೆಡಸು) ಅನ್ನೂ ‘ಭಂಗುರ’ ಅಂತ ಒಂದೇ ಗೋಣಿಗೆ ತುಂಬಿದರೆ ಆಗುವುದಿಲ್ಲ. ಗಾಜು ಪೆಡಸು, ಸೀಮೆಸುಣ್ಣ ಪುಡಿಪುಡಿ. ಸಿಮೆಂಟ್ ಶೀಟು ಗಾಜಿನ ಜಾತಿ, ಪೈಪಿನ ಹೊದಿಕೆ ಸೀಮೆಸುಣ್ಣದ ಜಾತಿ. ‘ಪುಡಿಬೀಳುವ’ ಅಂತ ಬರೆದಿದ್ದೇನೆ, ಇದಕ್ಕಿಂತ ಒಳ್ಳೆಯದು ಇದ್ದರೆ ಕೊಡಿ.

‘ಸಸ್ಪೆಕ್ಟ್ ಮೆಟೀರಿಯಲ್’ ಅನ್ನು ‘ಶಂಕಿತ ವಸ್ತು’ ಮಾಡಿ ನೋಡಿ ಒಮ್ಮೆ. ಬಾಂಬ್ ನಿಷ್ಕ್ರಿಯ ದಳ ಬಂದ ಹಾಗಾಗುತ್ತದೆ! ‘ಅನುಮಾನವಿರುವ ಸಾಮಾನು’ ಸಾಕು. ಇದರ ಬೆನ್ನಿಗೇ ‘ಪ್ರಿಸ್ಯೂಮ್’ ಬರುತ್ತದೆ. ಸ್ಯಾಂಪಲ್ ತೆಗೆದಿಲ್ಲ, ಆದರೆ ಇದೆ ಅಂತಲೇ ಲೆಕ್ಕ. ‘ಊಹಿಸು’ ಅಂದರೆ ಹಗುರಾಯಿತು. ಮಾತಿನಲ್ಲಿ ನಾವು ‘ಇದೆ ಅಂತಲೇ ಇಟ್ಟುಕೊಳ್ಳಿ’ ಅನ್ನುತ್ತೇವಲ್ಲ, ಅದನ್ನೇ ಬರೆದೆ.

ಎಲ್ಲಕ್ಕಿಂತ ಜಾಸ್ತಿ ಹೊತ್ತು ತಿಂದಿದ್ದು ವರದಿಯ ಕೋಷ್ಟಕದ ಒಂದು ಕಾಲಂ. ಅಲ್ಲಿ ಮೂರು ಥರದ ಉತ್ತರ ಇರುತ್ತದೆ. ಲ್ಯಾಬಿನಲ್ಲಿ ಪರೀಕ್ಷಿಸಿದಾಗ ಸಿಗಲಿಲ್ಲ, ಸಿಕ್ಕಿತು, ಅಲ್ಲಿಗೆ ಹೋಗುವುದಕ್ಕೇ ಆಗಲಿಲ್ಲ. ನಾನು ಜಾಗ ಉಳಿಸಲು ಮೊದಲನೆಯದಕ್ಕೆ ‘ಇಲ್ಲ’, ಎರಡನೆಯದಕ್ಕೆ ‘ಇದೆ’, ಮೂರನೆಯದಕ್ಕೆ ಬರೀ ಗೆರೆ ಹಾಕಿದ್ದೆ. ಗೆರೆ ನೋಡಿದವರು ‘ಏನೂ ಇಲ್ಲ’ ಅಂತ ಓದಿಕೊಂಡರು. ಬೀಗ ಹಾಕಿದ್ದ ಕೋಣೆಗೆ ಗೆರೆ, ಲಿಫ್ಟಿನ ಗುಂಡಿಗೆ ಗೆರೆ. ನಿಯಮ ನೋಡಿದರೆ ತದ್ವಿರುದ್ಧ, ನೋಡಲಾಗದ ಜಾಗದಲ್ಲಿ ಇದೆ ಅಂತಲೇ ಇಟ್ಟುಕೊಳ್ಳಬೇಕು. ‘ಇಲ್ಲ’ ಕೂಡ ಸರಿಯಿಲ್ಲ. ಆ ಚೂರಿನಲ್ಲಿ ಸಿಗಲಿಲ್ಲ ಅಂದಮಾತ್ರಕ್ಕೆ ಇಡೀ ಗೋಡೆಯಲ್ಲಿ ಇಲ್ಲ ಅಂತಲ್ಲ. ಈಗ ‘ಈ ಚೂರಿನಲ್ಲಿ ಕಂಡಿಲ್ಲ’, ‘ಕಂಡಿದೆ’, ‘ನೋಡಿಲ್ಲ, ಇದೆ ಅಂತಲೇ ತಿಳಿಯಿರಿ’ ಅಂತ ಪೂರ್ತಿ ಬರೆದಿದ್ದೇನೆ. ಕಾಲಂ ಅಗಲವಾಯಿತು, ಆಗಲಿ.

ಉಳಿದಿರುವುದು ಮತ್ತೆ ಆ ಮೊದಲಿನ ಪದವೇ. ‘ಕೆದಕು’ ಕ್ರಿಯಾಪದವಾಗಿ ಸರಿ. ನಾಮಪದ ಬೇಕಾದಲ್ಲಿ ಏನು ಮಾಡಲಿ? ‘ಕೆದಕುವಿಕೆ’ ನಾಲಿಗೆಯಲ್ಲಿ ಹೊರಳುವುದಿಲ್ಲ. ‘ಕೆದಕಾಟ’ ಅಂದರೆ ಯಾರೋ ಆಟವಾಡಿದ ಹಾಗೆ. ವಾಕ್ಯವನ್ನೇ ತಿರುಗಿಸಿ ಬರೆಯುವುದು ಒಂದು ದಾರಿ, ಆದರೆ ಕೋಷ್ಟಕದ ತಲೆಬರಹದಲ್ಲಿ ತಿರುಗಿಸಲು ವಾಕ್ಯವೇ ಇಲ್ಲ. ನಿಮ್ಮ ನಿಮ್ಮ ಕಡೆಯ ಮಾತಿನಲ್ಲಿ ಬೇರೆ ರೂಪ ಇದ್ದರೆ ತಿಳಿಸಿ.