ಹಳೇ ಅಪಾರ್ಟ್‌ಮೆಂಟಿನ ಸಿಐ (ಬೀಡುಕಬ್ಬಿಣ) ಪೈಪ್: ಎಲ್ಲಾ ಕೀಳಿಸಬೇಕಾ? ಅನುಭವ ಇದ್ದವರು ಹೇಳಿ

ಕೇಳಿದವರು, ಮಲ್ಲೇಶ್ವರ

ನಮ್ಮದು ನಾಲ್ಕು ಮಹಡಿಯ ಹಳೇ ಅಪಾರ್ಟ್‌ಮೆಂಟ್. ಕಟ್ಟಿ ಮೂವತ್ತೈದು ವರ್ಷ ದಾಟಿದೆ. ಡಕ್ಟಿನಲ್ಲಿ (ಪೈಪುಗಳಿಗೆಂದೇ ಬಿಟ್ಟ ಜಾಗ) ಇಳಿಯುವ ಕೊಳಚೆ ಪೈಪೆಲ್ಲ ಬೀಡುಕಬ್ಬಿಣದ್ದು. ಈ ಮಳೆಗಾಲದಿಂದ ಎರಡನೇ ಮಹಡಿಯ ಬಚ್ಚಲ ಗೋಡೆ ಒದ್ದೆ, ವಾಸನೆ ಬೇರೆ. ಒಬ್ಬ ಕಾಂಟ್ರಾಕ್ಟರ್ ಬಂದು ನೋಡಿ, ‘ಎಲ್ಲಾ ಕಿತ್ತು ಪಿವಿಸಿ ಹಾಕ್ಬಿಡೋಣ’ ಅಂದರು. ಇನ್ನೊಬ್ಬರು ಎಪಾಕ್ಸಿ ಅಂಟು ಮೆತ್ತಿ ಹೋದರು, ಸ್ವಲ್ಪ ದಿನಕ್ಕೆ ಮತ್ತೆ ಅದೇ ಕಥೆ. ಅಸೋಸಿಯೇಷನ್ ಮೀಟಿಂಗಿನಲ್ಲಿ ಈಗ ಎರಡು ಪಾರ್ಟಿ ಆಗಿಬಿಟ್ಟಿದೆ. ಪ್ಲಂಬಿಂಗ್ ಎಂಜಿನಿಯರುಗಳದ್ದೇ ಒಂದು ಸಂಘ ಇದೆಯಂತೆ, ಅಲ್ಲಿ ವಿಚಾರಿಸಿ ಅಂತ ಒಬ್ಬರು ಹೇಳಿದರು. ಅಲ್ಲಿಗೆ ಹೋದರೆ ಪ್ರಯೋಜನ ಇದೆಯಾ? ಪೈಪ್ ಉಳಿಸಿಕೊಳ್ಳಬಹುದಾ?

ಪ್ಲಂಬಿಂಗ್ ಕನ್ಸಲ್ಟೆಂಟ್, ಬೆಂಗಳೂರು

ಸಾರ್, ಪೈಪ್ ಹೋಗಿದೆಯೋ ಜಾಯಿಂಟ್ ಹೋಗಿದೆಯೋ ಅಂತ ಗೊತ್ತಾಗುವವರೆಗೆ ಯಾರ ಕೊಟೇಶನ್ನಿಗೂ ಸಹಿ ಹಾಕಬೇಡಿ. ನಾನು ನೋಡಿದ ಹಳೇ ಕಟ್ಟಡಗಳಲ್ಲಿ ನೆಟ್ಟಗೆ ನಿಂತ ಪೈಪ್ ಸೋರಿದ್ದು ಕಡಿಮೆ. ಜಾಯಿಂಟು, ಬೆಂಡು, ಸ್ಲ್ಯಾಬಿನೊಳಗೆ ಕೂತ ನಹಾನಿ ಟ್ರ್ಯಾಪಿನ (ಬಚ್ಚಲ ನೆಲದ ನೀರು ಇಳಿಯುವ, ವಾಸನೆ ತಡೆಯಲು ಸ್ವಲ್ಪ ನೀರು ನಿಲ್ಲುವ ಬಟ್ಟಲು) ಸುತ್ತಮುತ್ತ ಸೋರುವುದೇ ಜಾಸ್ತಿ. ಎರಡನೇ ಮಹಡಿ ಗೋಡೆ ಒದ್ದೆ ಅಂದಮಾತ್ರಕ್ಕೆ ತೊಂದರೆ ಅಲ್ಲೇ ಇರಬೇಕು ಅಂತೇನಿಲ್ಲ. ಮೇಲೆಲ್ಲೋ ಸೋರಿದ ನೀರು ಪೈಪಿನ ಹೊರಮೈ ಹಿಡಿದು ಇಳಿಯುತ್ತದೆ, ಕ್ಲಾಂಪ್ ಸಿಕ್ಕ ಕಡೆ ಗೋಡೆಗೆ ತಿರುಗುತ್ತದೆ.

ಹಾಗಾಗಿ ಮೊದಲು ಬಣ್ಣದ ಪರೀಕ್ಷೆ. ಮೇಲಿನ ಮನೆಯಿಂದ ಶುರು ಮಾಡಿ. ಒಂದು ಸಲಕ್ಕೆ ಒಂದೇ ಕಡೆ ಬಣ್ಣದ ನೀರು ಬಿಡಿ. ಇವತ್ತು ಕಮೋಡ್, ನಾಳೆ ಬಚ್ಚಲು, ಆಮೇಲೆ ಅಡುಗೆಮನೆ ಸಿಂಕ್. ಆ ಹೊತ್ತಿನಲ್ಲಿ ಬೇರೆ ಮನೆಯವರು ನೀರು ಬಿಡಬಾರದು. ಇದಕ್ಕೆ ಎಲ್ಲರನ್ನೂ ಒಪ್ಪಿಸುವುದೇ ಪೈಪ್ ಕೆಲಸಕ್ಕಿಂತ ಕಷ್ಟ, ಗೊತ್ತು.

ಆಮೇಲೆ ಸಣ್ಣ ಸುತ್ತಿಗೆ ತಗೊಂಡು ಪೈಪಿನ ಉದ್ದಕ್ಕೂ ಮೆಲ್ಲಗೆ ತಟ್ಟಿಸಿ. ಗಟ್ಟಿ ಇರುವಲ್ಲಿ ಠಣ್ ಅನ್ನುತ್ತದೆ. ತಿಂದುಹೋದಲ್ಲಿ ಧಪ್ ಅನ್ನುತ್ತದೆ. ಬೀಡುಕಬ್ಬಿಣದಲ್ಲಿ ಶೇ. 3ರಿಂದ 4ರಷ್ಟು ಇಂಗಾಲ ಇರುತ್ತದೆ, ಅದರಲ್ಲಿ ಹೆಚ್ಚಿನ ಪಾಲು ಗ್ರಾಫೈಟ್. ತುಕ್ಕು ಹಿಡಿದಾಗ ಕಬ್ಬಿಣ ಹೋಗಿ ಗ್ರಾಫೈಟ್ ಮಾತ್ರ ಅದೇ ಆಕಾರದಲ್ಲಿ ನಿಂತಿರುತ್ತದೆ. ಮೇಲೆ ಪೇಂಟ್ ಇದ್ದರಂತೂ ಹೊಸ ಪೈಪೇ ಅನ್ನಬೇಕು. ಚಾಕುವಿನಲ್ಲಿ ಕೆರೆದರೆ ಕಪ್ಪು ಪುಡಿ ಉದುರುತ್ತದೆ. ಅಂಥ ತುಂಡನ್ನು ಉಳಿಸುವ ಮಾತೇ ಇಲ್ಲ, ಬದಲಾಯಿಸಲೇಬೇಕು.

ಅಡ್ಡ ಹೋಗುವ ಪೈಪ್ ಇದ್ದರೆ ಮೇಲ್ಭಾಗವನ್ನೂ ತಟ್ಟಿ ನೋಡಿ. ಕೊಳಚೆಯಿಂದ ಏಳುವ ಹೈಡ್ರೋಜನ್ ಸಲ್ಫೈಡ್ ಅಲ್ಲಿನ ತೇವದಲ್ಲಿ ಬ್ಯಾಕ್ಟೀರಿಯಾಗಳ ದೆಸೆಯಿಂದ ಗಂಧಕಾಮ್ಲ ಆಗುತ್ತದೆ. ಕೆಳಗೆ ನೀರು ಹರಿಯುವ ಜಾಗ ಚೆನ್ನಾಗಿದ್ದು ನೆತ್ತಿಯೇ ತೂತಾಗಿರುವುದನ್ನು ನೋಡಿದ್ದೇನೆ. ಇನ್ನು ವಾರಕ್ಕೊಮ್ಮೆ ಬಚ್ಚಲಿಗೆ ಆಸಿಡ್ ಸುರಿಯುವ ಅಭ್ಯಾಸ ಯಾರಿಗಿದೆಯೋ, ದಯವಿಟ್ಟು ನಿಲ್ಲಿಸಲು ಹೇಳಿ.

ಸಂಘದ ವಿಷಯ. ಇಂಡಿಯನ್ ಪ್ಲಂಬಿಂಗ್ ಅಸೋಸಿಯೇಷನ್ ಶುರುವಾದದ್ದು 1993ರಲ್ಲಿ. ಬೆಂಗಳೂರಿನಲ್ಲೂ ಅದರ ಚಾಪ್ಟರ್ (ಶಾಖೆ) ಇದೆ. ಕನ್ಸಲ್ಟೆಂಟರು, ಕಾಂಟ್ರಾಕ್ಟರರು, ಆರ್ಕಿಟೆಕ್ಟರು, ಪೈಪ್ ತಯಾರಿಸುವವರು ಎಲ್ಲಾ ಸೇರುವ ಜಾಗ. ತಾಂತ್ರಿಕ ಉಪನ್ಯಾಸ, ವರ್ಷಕ್ಕೊಂದು ದೊಡ್ಡ ಸಮ್ಮೇಳನ, ಮಾರ್ಚ್ 11ರ ವಿಶ್ವ ಪ್ಲಂಬಿಂಗ್ ದಿನ, ನೀರು ಉಳಿಸುವ ಪ್ರಚಾರ, ಇವೆಲ್ಲ ನಡೆಯುತ್ತವೆ. ಆದರೆ ಅದು ರಿಪೇರಿ ಮಾಡಿಕೊಡುವ ಆಫೀಸ್ ಅಲ್ಲ. ‘ನಮ್ಮ ಪೈಪ್ ಸೋರುತ್ತಿದೆ, ಬನ್ನಿ’ ಅಂದರೆ ಯಾರೂ ಬರುವುದಿಲ್ಲ. ನೀವು ಕೇಳಬೇಕಾದದ್ದು ಇಷ್ಟೇ: ಫೀಸ್ ತಗೊಂಡು ಪರೀಕ್ಷೆ ಮಾಡಿ, ಬರವಣಿಗೆಯಲ್ಲಿ ವರದಿ ಕೊಟ್ಟು, ಕಾಂಟ್ರಾಕ್ಟ್ ಮಾತ್ರ ತಾವೇ ತಗೊಳ್ಳದ ಎಂಜಿನಿಯರ್ ಯಾರಿದ್ದಾರೆ? ಪೈಪ್ ಮಾರುವವರನ್ನು ಪೈಪ್ ಬದಲಾಯಿಸಬೇಕಾ ಅಂತ ಕೇಳಿದರೆ ಉತ್ತರ ಏನು ಬರುತ್ತೆ ಅಂತ ಗೊತ್ತಲ್ವಾ?

ಇಂಥ ಸಭೆಗಳಲ್ಲಿ ವೇದಿಕೆ ಮೇಲಿನ ಸ್ಲೈಡುಗಳಿಗಿಂತ ಆಮೇಲಿನ ಕಾಫಿ ಹೊತ್ತೇ ಹೆಚ್ಚು ಉಪಯೋಗ. ಡಕ್ಟಿನ ಫೋಟೋ ಫೋನಿನಲ್ಲಿ ಇಟ್ಟುಕೊಂಡು ಹೋಗಿ. ನಾಲ್ಕು ಜನ ಹಿರಿಯರು ಸುತ್ತ ನಿಂತು ಅಲ್ಲೇ ಜಗಳ ಶುರು ಮಾಡುತ್ತಾರೆ. ಆ ಜಗಳ ಕೇಳಿಸಿಕೊಂಡರೆ ಅರ್ಧ ಉತ್ತರ ಸಿಕ್ಕಿದ ಹಾಗೆ.

ಪ್ಲಂಬರ್, ಶಿವಮೊಗ್ಗ

ಸಾರ್, ಜಾಯಿಂಟ್ ಸೀಸದ್ದೋ ಸಿಮೆಂಟಿನದ್ದೋ ಅದನ್ನ ನೋಡಿ ಮೊದಲು. ಸಾಕೆಟ್ ಅಂದರೆ ಪೈಪಿನ ಅಗಲ ತುದಿ, ಅದರ ಬಾಯಲ್ಲಿ ಪೇಂಟ್ ಕೆರೆದು ಮೊಳೆಯಲ್ಲಿ ಗೀರಿ. ಬೆಳ್ಳಗೆ ಹೊಳೆದರೆ ಸೀಸ. ಮರಳು ಉದುರಿದರೆ ಸಿಮೆಂಟ್. ಸೀಸ ತುಟ್ಟಿ ಅಂತ ಎಷ್ಟೋ ಕಟ್ಟಡದಲ್ಲಿ ಸಿಮೆಂಟ್ ತುಂಬಿ ಮುಗಿಸಿದ್ದಾರೆ. ಅದು ಬಿರುಕು ಬಿಟ್ಟರೆ ಮೇಲೆ ಏನು ಮೆತ್ತಿದರೂ ನಿಲ್ಲಲ್ಲ. ಒಡೆದು ತೆಗೆದು ಹೊಸದಾಗಿ ಮಾಡಬೇಕು.

ಸೀಸದ ಜಾಯಿಂಟ್ ಮಾಡೋದನ್ನ ನಾನು ಕಲಿತದ್ದು ನಮ್ಮಪ್ಪನ ಹತ್ತಿರ. ಸಾಕೆಟ್ ಬಾಯಿ ಯಾವಾಗಲೂ ಮೇಲಕ್ಕೆ. ಮೇಲಿನ ಪೈಪನ್ನ ಅದರೊಳಗೆ ನಟ್ಟನಡುವೆ ಕೂರಿಸಬೇಕು, ಸಂದು ಸುತ್ತಲೂ ಒಂದೇ ಸಮ ಇರಬೇಕು. ಆ ಸಂದಿಗೆ ಸೆಣಬಿನ ನೂಲು ಸುತ್ತಿ ಉಳಿ ಇಟ್ಟು ಕುಟ್ಟಿ ಕುಟ್ಟಿ ತುಂಬಬೇಕು. ಮೇಲೆ ಒಂದಿಂಚು ಬಿಡಬೇಕು, ಅದು ಸೀಸಕ್ಕೆ. ಸೀಸ ಕರಗೋದು 327 ಡಿಗ್ರಿಗೆ. ಸುತ್ತಲೂ ತುಂಬೋ ತನಕ ಕೈ ನಿಲ್ಲಿಸದೆ ಒಂದೇ ಸಲ ಹೊಯ್ಯಬೇಕು. ಅರ್ಧಕ್ಕೆ ನಿಲ್ಲಿಸಿ ಮತ್ತೆ ಹೊಯ್ದರೆ ಎರಡೂ ಅಂಟೋದಿಲ್ಲ, ಅಲ್ಲೇ ಸೋರುತ್ತೆ. ಅಡ್ಡ ಪೈಪಾದರೆ ಬಾಯಿಗೆ ಜೇಡಿಮಣ್ಣು ಕಟ್ಟಿ, ಮೇಲ್ಗಡೆ ಹೊಯ್ಯೋಕೆ ಅಂತ ಜಾಗ ಬಿಡ್ತೀವಿ.

ಸಾಕೆಟಿನಲ್ಲಿ ನೀರಿನ ಪಸೆ ಇದ್ದರೆ ಸೀಸ ಸಿಡಿಯುತ್ತೆ. ಅಪ್ಪ ಮೊದಲು ಬಟ್ಟೆ ತೂರಿಸಿ ಒರೆಸುತ್ತಿದ್ದರು, ಆಮೇಲೆ ಬೆರಳು ಆಡಿಸಿ ನೋಡುತ್ತಿದ್ದರು, ಆಮೇಲೇ ಸೌಟು ಎತ್ತುತ್ತಿದ್ದದ್ದು. ಆರಿದ ಮೇಲೆ ಸೀಸ ಕುಗ್ಗುತ್ತೆ. ಅದಕ್ಕೇ ಮೊಂಡು ಉಳಿಯಿಂದ ಸುತ್ತ ಬಡಿದು ಕೂರಿಸಬೇಕು. ಈ ಬಡಿಯೋ ಕೆಲಸ ಬಿಟ್ಟವರ ಜಾಯಿಂಟೇ ಸೋರೋದು.

ನಿಮ್ಮದು ಸೀಸದ್ದಾದರೆ ಅದೃಷ್ಟ. ಎಷ್ಟೋ ಸಲ ಮತ್ತೆ ಬಡಿದು ಕೂರಿಸಿದರೇ ನೀರು ನಿಲ್ಲುತ್ತೆ. ಆದರೆ ಜೋರಾಗಿ ಬಡಿಯೋಕೆ ಬಿಡಬೇಡಿ, ಸಾಕೆಟ್ ಸೀಳುತ್ತೆ. ಬೀಡು ಬಗ್ಗೋ ಜಾತಿಯಲ್ಲ. ಹೊಸದಾಗಿ ಸೀಸ ಕಾಯಿಸೋದಾದರೆ ಡಕ್ಟಿನ ಕಡೆ ಕಿಟಕಿ ಎಲ್ಲ ಮುಚ್ಚಿಸಿ, ಮಕ್ಕಳನ್ನ ದೂರ ಇಡಿ. ಹೊಗೆ ಒಳ್ಳೇದಲ್ಲ. ಕೆಲಸದವರು ಕೈ ತೊಳೀದೆ ಬನ್ನು ಟೀ ಮುಟ್ಟಬಾರದು.

ಗೃಹಿಣಿ, ಜಯನಗರ

ನಮ್ಮಲ್ಲಿ ಪೂರ್ತಿ ಪಿವಿಸಿ ಮಾಡಿಸಿದೆವು. ಸೋರುವುದು ನಿಂತಿದೆ, ಸುಳ್ಳು ಹೇಳಲ್ಲ. ಆದರೆ ಪೈಪ್ ನಮ್ಮ ಮಲಗುವ ಕೋಣೆ ಗೋಡೆಯ ಪಕ್ಕದಲ್ಲೇ ಇಳಿಯುತ್ತದೆ. ಮೇಲಿನವರು ರಾತ್ರಿ ಫ್ಲಶ್ ಮಾಡಿದರೆ ನಮಗೆ ಎಚ್ಚರ. ಮೊದಲು ಈ ಸದ್ದು ಇರಲೇ ಇಲ್ಲ. ಇನ್ನೊಂದು, ಕೊಟೇಶನ್ನಿನಲ್ಲಿ ಪೈಪಿನ ರೇಟು ಮಾತ್ರ ಇತ್ತು. ಒಡೆದ ಟೈಲ್ಸ್, ವಾಟರ್‌ಪ್ರೂಫಿಂಗು, ಕಸ ಸಾಗಿಸುವ ಖರ್ಚು ಆಮೇಲೆ ಒಂದೊಂದಾಗಿ ಬಂತು. ಅದನ್ನೆಲ್ಲ ಮೊದಲೇ ಬರೆಸಿಕೊಳ್ಳಿ.

ಬಿಲ್ಡಿಂಗ್ ಸರ್ವೀಸಸ್ ಎಂಜಿನಿಯರ್, ನ್ಯೂಜೆರ್ಸಿ (ಊರು ದಾವಣಗೆರೆ)

ಇಲ್ಲಿ ಅಮೆರಿಕನ್ ಸೊಸೈಟಿ ಆಫ್ ಪ್ಲಂಬಿಂಗ್ ಎಂಜಿನಿಯರ್ಸ್ ಅಂತ ಇದೆ, 1964ರದ್ದು. ಊರೂರಿಗೆ ಚಾಪ್ಟರ್. ಇಲ್ಲಿಯವರಿಗೆ ಬೀಡುಕಬ್ಬಿಣ ಇನ್ನೂ ಹಳೇ ಕಾಲದ ವಸ್ತು ಆಗಿಲ್ಲ, ದೊಡ್ಡ ಕಟ್ಟಡಗಳಿಗೆ ಹೊಸದಾಗಿಯೂ ಹಾಕುತ್ತಾರೆ. ಬೆಂಕಿ ಹತ್ತುವುದಿಲ್ಲ, ಸದ್ದು ಕಡಿಮೆ. ಆದರೆ ಸೀಸ ಬಹುಮಟ್ಟಿಗೆ ಹೋಗಿದೆ. ಸಾಕೆಟ್ಟೇ ಇಲ್ಲದ ಪೈಪು, ಎರಡು ತುದಿ ಸೇರುವ ಕಡೆ ರಬ್ಬರ್ ತೋಳು, ಅದರ ಮೇಲೆ ಸ್ಟೇನ್‌ಲೆಸ್ ಪಟ್ಟಿ. ಒಂದು ಚಾಪ್ಟರ್ ಸಭೆಗೆ ಫೌಂಡ್ರಿ ಕಡೆಯವರು ತುಂಡು ಪೈಪ್ ತಂದು ನಮ್ಮ ಕೈಯಲ್ಲೇ ಪಟ್ಟಿ ಬಿಗಿಸಿದ್ದರು. ಸಾಮಾನ್ಯ ಕಪ್ಲಿಂಗಿಗೆ (ಈ ತೋಳು-ಪಟ್ಟಿಯ ಜೋಡಣೆ) ಬಿಗಿತ 60 ಇಂಚ್-ಪೌಂಡ್, ಅಂದರೆ ಸುಮಾರು 6.8 ನ್ಯೂಟನ್-ಮೀಟರ್. ಅದಕ್ಕೆ ಅಂತಲೇ ಟಾರ್ಕ್ ವ್ರೆಂಚ್ ಇದೆ, ಅಷ್ಟು ಬಿಗಿಯಾದ ಕೂಡಲೇ ಟಕ್ ಅಂತ ಕೈಬಿಡುತ್ತದೆ. ಸ್ಕ್ರೂಡ್ರೈವರಿನಲ್ಲಿ ಅಂದಾಜಿಗೆ ತಿರುಗಿಸಿದವರ ಕೆಲಸ ಆಮೇಲೆ ಸೋರುತ್ತದೆ.

ನಮ್ಮಲ್ಲೂ ಈ ಥರದ ಪೈಪಿಗೆ ಐಎಸ್ 15905 ಅನ್ನುವ ಭಾರತೀಯ ಮಾನಕ ಇದೆ. ಹಾಳಾದ ತುಂಡಷ್ಟನ್ನೇ ಕತ್ತರಿಸಿ ತೆಗೆದು ಇದನ್ನು ಸೇರಿಸಬಹುದು. ಆದರೆ ಮೇಲಿನ ಪೈಪಿನ ಭಾರಕ್ಕೆ ಮೊದಲು ಆಸರೆ ಕೊಟ್ಟು ಆಮೇಲೆ ಕತ್ತರಿಸಬೇಕು.

ಪ್ಲಂಬಿಂಗ್ ಕನ್ಸಲ್ಟೆಂಟ್, ಬೆಂಗಳೂರು

ಜಯನಗರದ ಮೇಡಂ ಹೇಳಿದ ಸದ್ದಿಗೆ ಕಾರಣ ತೂಕ. ಭಾರದ ಪೈಪ್ ಅಷ್ಟು ಸುಲಭಕ್ಕೆ ಅದುರುವುದಿಲ್ಲ. ಹಿಗ್ಗುವುದರಲ್ಲೂ ವ್ಯತ್ಯಾಸ ಇದೆ. 10 ಮೀಟರ್ ಉದ್ದದ ಪೈಪಿಗೆ 30 ಡಿಗ್ರಿ ಬಿಸಿ ಏರಿದರೆ ಬೀಡುಕಬ್ಬಿಣ ಸುಮಾರು 3 ಮಿ.ಮೀ. ಹಿಗ್ಗುತ್ತದೆ, ಪಿವಿಸಿ 18ರಿಂದ 20 ಮಿ.ಮೀ. ಎರಡನ್ನೂ ಸೇರಿಸುವ ಜಾಗಕ್ಕೆ ಸಿಮೆಂಟ್ ಮೆತ್ತಿದರೆ ಬಿರುಕು ಖಂಡಿತ. ಅಲ್ಲಿ ರಬ್ಬರ್ ಕಪ್ಲಿಂಗೇ ಬೇಕು. ಪಿವಿಸಿ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ನೆಟ್ಟಗಿರುವ ಪೈಪನ್ನೂ ಸೇರಿಸಿ ಸುಮ್ನೆ ಎಲ್ಲಾ ಕೀಳುವುದಕ್ಕೆ ನನ್ನ ತಕರಾರು.

ವಾಸನೆಗೆ ಸೋರಿಕೆಯೇ ಕಾರಣ ಅಂತಲೂ ಅಂದುಕೊಳ್ಳಬೇಡಿ. ಬೀಗ ಹಾಕಿದ ಮನೆ ಇದೆಯಾ? ನಹಾನಿ ಟ್ರ್ಯಾಪಿನಲ್ಲಿ ನಿಲ್ಲುವುದೇ 50 ಮಿ.ಮೀ. ನೀರು. ಅದು ಒಣಗಿದರೆ ಪೈಪಿನ ಗಾಳಿ ನೇರ ಮನೆಯೊಳಗೆ. 2003ರಲ್ಲಿ ಹಾಂಗ್‌ಕಾಂಗಿನ ಅಮೋಯ್ ಗಾರ್ಡನ್ಸ್ ವಸತಿಯಲ್ಲಿ ಸಾರ್ಸ್ ರೋಗ ಹರಡಿದ್ದಕ್ಕೆ ಹೀಗೆ ಒಣಗಿದ ಟ್ರ್ಯಾಪುಗಳೂ ಒಂದು ಕಾರಣ ಅಂತ ತನಿಖೆಯಲ್ಲಿ ಹೇಳಿದ್ದರು. ಖಾಲಿ ಮನೆಯ ಬಚ್ಚಲಿಗೆ ವಾರಕ್ಕೊಂದು ಬಕೆಟ್ ನೀರು ಹಾಕಿಸಿ.

ಕೇಳಿದವರು, ಮಲ್ಲೇಶ್ವರ

ಎಲ್ಲರಿಗೂ ಥ್ಯಾಂಕ್ಸ್. ಮೊಳೆಯಲ್ಲಿ ಗೀರಿ ನೋಡಿದೆವು. ಕೆಳಗಿನ ಎರಡು ಮಹಡಿ ಸೀಸ, ಮೇಲಿನದ್ದು ಸಿಮೆಂಟ್! ಮೂರನೇ ಮಹಡಿ ಮನೆಗೆ ಬೀಗ ಇದೆ, ಅವರು ಮಗನ ಹತ್ತಿರ ಹೋಗಿದ್ದಾರೆ. ಇನ್ನೊಂದು ವಿಷಯ, ಟೆರೇಸಿನಲ್ಲಿ ಪೈಪಿನ ಬಾಯಿಗೆ ಯಾರೋ ಪೇಂಟ್ ಡಬ್ಬ ಕವುಚಿದ್ದಾರೆ. ಸೊಳ್ಳೆ ಬರುತ್ತೆ ಅಂತಂತೆ. ಇರಲಿ ಬಿಡಬಹುದಾ?

ಪ್ಲಂಬಿಂಗ್ ಕನ್ಸಲ್ಟೆಂಟ್, ಬೆಂಗಳೂರು

ಡಬ್ಬ ಇವತ್ತೇ ತೆಗೆಸಿ. ಆ ಬಾಯಿಂದ ಗಾಳಿ ಆಡದಿದ್ದರೆ ಮೇಲಿನಿಂದ ಬೀಳುವ ನೀರು ಕೆಳಗಿನ ಟ್ರ್ಯಾಪುಗಳ ನೀರನ್ನೂ ಎಳೆದುಕೊಂಡು ಹೋಗುತ್ತದೆ. ನಿಮ್ಮ ವಾಸನೆಯ ಕಥೆ ಅರ್ಧ ಇಲ್ಲೇ ಇರಬಹುದು. ಸೊಳ್ಳೆಗೆ ನೈಲಾನ್ ಬಲೆ ಕಟ್ಟಿಸಿ, ಸಾಕು. ಬೀಗದ ಮನೆಯವರ ಹತ್ತಿರ ಕೀ ಯಾರಿಗೆ ಕೊಟ್ಟಿದ್ದಾರೆ ಅಂತ ಕೇಳಿ, ಟ್ರ್ಯಾಪಿಗೆ ನೀರು ಹಾಕಿಸಿ. ಬಣ್ಣದ ಪರೀಕ್ಷೆಯನ್ನು ಮೇಲಿನ ಸಿಮೆಂಟ್ ಜಾಯಿಂಟುಗಳಿಂದಲೇ ಶುರು ಮಾಡಿ. ಎಲ್ಲಿ ಬಣ್ಣ ಕಂಡಿತು ಅಂತ ಫೋಟೋ ಸಮೇತ ಇಲ್ಲೇ ಹಾಕಿ, ಆಮೇಲೆ ಕೊಟೇಶನ್ ಮಾತಾಡೋಣ.