ಗೇಟ್ ಲಾಡ್ಜ್: 'ಬಾಗಿಲಮನೆ' ಅನ್ನಬಹುದಾ?

ಗೆಳೆಯರಿಗೆ ನಮಸ್ಕಾರ.

ಐರ್ಲೆಂಡಿನ ವಾಟರ್‌ಫರ್ಡ್ ಕೌಂಟಿಯ ಡ್ರೊಮಾನಾ ಎಸ್ಟೇಟಿನ ಗೇಟ್ ಲಾಡ್ಜ್ ಬಗ್ಗೆ ಪುಟ್ಟ ಲೇಖನ ಬರೆಯುತ್ತಿದ್ದೇನೆ. ಮೊದಲ ಸಾಲಿನಲ್ಲೇ ಕೈ ನಿಂತಿದೆ. 'ಲಾಡ್ಜ್' ಅಂದರೆ ನಮಗೆ ಬಸ್ ಸ್ಟ್ಯಾಂಡ್ ಹತ್ತಿರ ರೂಮು ಸಿಗುವ ಜಾಗ. ಇದು ಅದಲ್ಲ. ಎಸ್ಟೇಟಿನ ದಾರಿಯ ಬಾಯಲ್ಲಿ ಕಟ್ಟಿದ ಮನೆ. ಗೇಟು ಕಾಯುವವರು ಸಂಸಾರ ಸಮೇತ ಅಲ್ಲೇ ಇರುತ್ತಿದ್ದರು, ಗಾಡಿಯ ಸದ್ದು ಕೇಳಿದರೆ ಎದ್ದು ಬಂದು ಗೇಟು ತೆಗೆಯುತ್ತಿದ್ದರು.

ಡ್ರೊಮಾನಾದ್ದು ಫಿನಿಸ್ಕ್ ಹೊಳೆಯ ಸೇತುವೆಯ ತುದಿಯಲ್ಲಿದೆ. ನಡುವೆ ಗಾಡಿ ಹಾಯುವ ಕಮಾನು, ಎರಡೂ ಪಕ್ಕ ಮನೆ. ಮೇಲೆ ಈರುಳ್ಳಿ ಗಡ್ಡೆಯಂಥ ಹಸಿರು ಗುಮ್ಮಟ, ಸಣ್ಣ ಮಿನಾರುಗಳು. ಕಿಟಕಿಗಳು ಮಾತ್ರ ಚರ್ಚಿನವುಗಳ ಹಾಗೆ ಮೊನಚು. 1826ರಲ್ಲಿ ಎಸ್ಟೇಟಿನ ಒಡೆಯ ಹೆನ್ರಿ ವಿಲಿಯರ್ಸ್-ಸ್ಟುವರ್ಟ್ ಮದುವೆಯಾಗಿ ಬಂದಾಗ ಒಕ್ಕಲಿನವರು ಕಾಗದದ ಮುದ್ದೆಯಲ್ಲಿ ಇದನ್ನು ಮಾಡಿ ನಿಲ್ಲಿಸಿದ್ದರಂತೆ. ದಂಪತಿಗೆ ಹಿಡಿಸಿತು, ಆಮೇಲೆ ಗಟ್ಟಿಯಾಗಿ ಕಟ್ಟಿಸಿದರು ಎನ್ನುತ್ತಾರೆ. 1960ರ ದಶಕದಲ್ಲಿ ಹಳೆಯ ಕಟ್ಟಡಗಳನ್ನು ಕಾಪಾಡುವ ಐರಿಷ್ ಜಾರ್ಜಿಯನ್ ಸೊಸೈಟಿ ರಿಪೇರಿ ಮಾಡಿಸಿ ಉಳಿಸಿತು.

ಈಗ ಪದಕ್ಕೆ ಬರೋಣ. 'ಹೆಬ್ಬಾಗಿಲು' ಅಂದರೆ ಬಾಗಿಲು ಬಂತು, ಮನೆ ಬರಲಿಲ್ಲ. ಉತ್ತರ ಕರ್ನಾಟಕದ 'ಅಗಸಿ' ಇಡೀ ಊರಿನದು, ಒಬ್ಬರ ಸ್ವಂತದ್ದಲ್ಲ. 'ಉಕ್ಕಡ' ನನಗೆ ಇಷ್ಟ, ಆದರೆ ಅದರಲ್ಲಿ ಸುಂಕ, ಪಹರೆಯ ವಾಸನೆ ಜಾಸ್ತಿ. ಮಲೆನಾಡಿನ 'ಉಣಗೋಲು' ತೋಟದ ದಾರಿಗೆ ಅಡ್ಡ ಹಾಕುವ ಗಳ. ಜಾಗ ಸರಿ, ಆದರೆ ಕಟ್ಟಡವೇ ಇಲ್ಲ.

ಸದ್ಯಕ್ಕೆ 'ಬಾಗಿಲಮನೆ' ಎಂದು ಬರೆದಿದ್ದೇನೆ. ನಾಲಿಗೆಗೆ ಸಲೀಸು. ಒಂದೇ ಅಳುಕು: ಅಡುಗೆಮನೆ, ಬಚ್ಚಲಮನೆ, ದೇವರಮನೆ ಇವೆಲ್ಲ ಮನೆಯೊಳಗಿನ ಕೋಣೆಗಳು. ಹಾಗಾಗಿ ಇದೂ ಬಾಗಿಲ ಹತ್ತಿರದ ಕೋಣೆ ಅಂತ ಕೇಳಿಸುತ್ತದಾ? 'ಕಾವಲುಮನೆ'ಯಲ್ಲಿ ಆ ತೊಡಕಿಲ್ಲ, ಆದರೆ ಗೇಟೇ ಬಿಟ್ಟುಹೋಗುತ್ತದೆ, ಅಲ್ವಾ?

ಇನ್ನೊಂದು. ಇದರ ಶೈಲಿಗೆ 'ಹಿಂದೂ-ಗಾಥಿಕ್' ಎಂಬ ಹೆಸರಿದೆ. 'ಗಾಥಿಕ್' ಅಂದರೆ ಯುರೋಪಿನ ಹಳೆಯ ಚರ್ಚುಗಳ ಆ ಮೊನಚು ಕಿಟಕಿಯ ಶೈಲಿ. ಹಾಗೇ ಇಟ್ಟರೆ ನಮ್ಮ ಓದುಗರು ದೇವಸ್ಥಾನದ ಗೋಪುರ ಹುಡುಕುತ್ತಾರೆ. ಇರುವುದು ಮೊಗಲ್ ಬಗೆಯ ಗುಮ್ಮಟ, ಅದೂ ಇಂಗ್ಲೆಂಡಿನ ಬ್ರೈಟನ್ ಅರಮನೆಯನ್ನು ನೆನಪಿಸುವಂಥದ್ದು. ಆಗಿನ ಇಂಗ್ಲಿಷಿನಲ್ಲಿ 'ಹಿಂದೂ' ಎಂದರೆ ಎಷ್ಟೋ ಸಲ ಭಾರತದ್ದು ಎಂದಷ್ಟೇ. 'ಇಂಡಿಯನ್-ಗಾಥಿಕ್' ಅಂತ ಬದಲಾಯಿಸಿದರೆ ತಪ್ಪಾಗುತ್ತದಾ?

ಕೊಡಗು, ಚಿಕ್ಕಮಗಳೂರಿನವರು ದಯವಿಟ್ಟು ಹೇಳಿ. ನಿಮ್ಮ ಕಾಫಿ ಎಸ್ಟೇಟುಗಳಲ್ಲಿ ಕೆಲಸದವರದ್ದು 'ಲೈನ್ ಮನೆ'. ಗೇಟು ಕಾಯುವವರ ಮನೆಗೆ ಏನನ್ನುತ್ತೀರಿ?