ಟ್ರೇಸ್‌ರೂಟ್‌ನಲ್ಲಿ ನಕ್ಷತ್ರ ಚಿಹ್ನೆ ಬಂದರೆ ದಾರಿ ಕಡಿದಿದೆ ಎಂದರ್ಥವೇ?

ಕೋರಿಕೆ, ರಾಜಾಜಿನಗರದಿಂದ:
ಮನೆಯಿಂದ ಕಚೇರಿಯ ಸರ್ವರ್‌ಗೆ ಟ್ರೇಸ್‌ರೂಟ್ (ದಾರಿಯ ರೂಟರ್‌ಗಳನ್ನು ಒಂದೊಂದು ಸಾಲಿನಲ್ಲಿ ತೋರಿಸುವ ಉಪಕರಣ) ಹಾಕಿದರೆ 5ರಿಂದ 7ನೆಯ ಸಾಲಿನವರೆಗೆ ಬರೀ ನಕ್ಷತ್ರ ಚಿಹ್ನೆಗಳು ಬರುತ್ತವೆ. 10ನೆಯ ಸಾಲಿನಲ್ಲಿ ಸರ್ವರ್ ಸಿಗುತ್ತದೆ. ಸಂಜೆಯ ವಿಡಿಯೊ ಸಭೆಗಳಲ್ಲಿ ಮಾತು ತುಂಡಾಗುವುದಕ್ಕೆ ಈ ಮೂರು ರೂಟರ್‌ಗಳೇ ಕಾರಣವೆಂದು ಇಂಟರ್ನೆಟ್ ಕೊಡುವವರಿಗೆ ದೂರು ಬರೆಯಬಹುದೇ? ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಬಸವನಗುಡಿಯಿಂದ:
ದೂರು ಬರೆಯುವ ಮುನ್ನ ಸ್ವಲ್ಪ ತಾಳಿ. ಜಾಲದಲ್ಲಿ ಮಾಹಿತಿ ಪ್ಯಾಕೆಟ್ ಎಂಬ ಸಣ್ಣ ತುಣುಕುಗಳಾಗಿ ಸಾಗುತ್ತದೆ. ಪ್ರತಿ ಪ್ಯಾಕೆಟ್‌ನಲ್ಲೂ ಟಿಟಿಎಲ್ ಎಂಬ ಎಣಿಕೆ ಇರುತ್ತದೆ; ದಾರಿಯ ಒಂದೊಂದು ರೂಟರೂ ಅದರಲ್ಲಿ ಒಂದನ್ನು ಕಳೆಯುತ್ತದೆ, ಸೊನ್ನೆಯಾದಾಗ ಪ್ಯಾಕೆಟ್ಟನ್ನು ಬಿಸಾಡಿ, ಅವಧಿ ಮೀರಿತೆಂಬ ಐಸಿಎಂಪಿ (ಜಾಲದ ದೋಷ, ಸ್ಥಿತಿಗಳನ್ನು ತಿಳಿಸುವ ಬಗೆ) ಸಂದೇಶವನ್ನು ಕಳುಹಿಸಿದವರಿಗೆ ಹಿಂದಿರುಗಿಸುತ್ತದೆ. ಟ್ರೇಸ್‌ರೂಟ್ ಈ ಎಣಿಕೆಯನ್ನು 1, 2, 3 ಎಂದು ಏರಿಸುತ್ತ, ಬಂದ ಸಂದೇಶಗಳಿಂದ ದಾರಿಯನ್ನು ಜೋಡಿಸುತ್ತದೆ; ಸಂದೇಶ ಬಾರದ ಕಡೆ ನಕ್ಷತ್ರ ಹಾಕುತ್ತದೆ. ದೊಡ್ಡ ರೂಟರ್‌ಗಳಲ್ಲಿ ಪ್ಯಾಕೆಟ್ ಸಾಗಿಸುವ ಕೆಲಸವನ್ನು ಅದಕ್ಕೆಂದೇ ಇರುವ ಚಿಪ್ ನೋಡಿಕೊಳ್ಳುತ್ತದೆ. ಉತ್ತರ ಬರೆಯುವುದು ಮಾತ್ರ ಸಾಮಾನ್ಯವಾಗಿ ಸಿಪಿಯು ಪಾಲಿನ ಉಪಕೆಲಸವಾದ್ದರಿಂದ, ಅನೇಕರು ಅದಕ್ಕೆ ಮಿತಿ ಹಾಕಿರುತ್ತಾರೆ ಅಥವಾ ಪೂರ್ತಿ ನಿಲ್ಲಿಸಿಯೇ ಇರುತ್ತಾರೆ. 7ನೆಯದು ನಿಜವಾಗಿ ಕಡಿದಿದ್ದರೆ ನಿಮಗೆ 10ನೆಯದು ಕಾಣುತ್ತಲೇ ಇರಲಿಲ್ಲ.

ವೈಟ್‌ಫೀಲ್ಡ್‌ನಿಂದ:
ಮೇಲಿನವರ ಮಾತು ಸರಿ, ಆದರೆ ಯಾವ ಬಗೆಯ ಪ್ಯಾಕೆಟ್ ಕಳುಹಿಸಿದಿರಿ ಎಂಬುದನ್ನೂ ನೋಡಬೇಕು. ಲಿನಕ್ಸ್‌ನ ಟ್ರೇಸ್‌ರೂಟ್ ಬೇರೇನೂ ಹೇಳದಿದ್ದರೆ ಯುಡಿಪಿ ಎಂಬ ಬಗೆಯ ಪ್ಯಾಕೆಟ್‌ಗಳನ್ನು ಗುರಿಯ ಗಣಕದ 33434 ಮತ್ತು ಅದರ ಮೇಲಿನ ಪೋರ್ಟ್‌ಗಳಿಗೆ (ಸಂಖ್ಯೆ ಹಾಕಿದ ದ್ವಾರಗಳಿಗೆ) ಕಳುಹಿಸುತ್ತದೆ. ವಿಂಡೋಸ್‌ನದು ಐಸಿಎಂಪಿಯನ್ನು ಬಳಸುತ್ತದೆ. ನಮ್ಮ ಕಚೇರಿಯಲ್ಲಿ ಒಮ್ಮೆ 8ನೆಯ ಸಾಲಿನಿಂದ 30ರವರೆಗೂ ನಕ್ಷತ್ರಗಳೇ ಬಂದು, ಸರ್ವರ್ ಸತ್ತಿದೆಯೆಂದು ಅರ್ಧ ದಿನ ಪರದಾಡಿದೆವು. ಕೊನೆಗೆ ಟಿಸಿಪಿ ಎಂಬ ಇನ್ನೊಂದು ಬಗೆಯಲ್ಲಿ, ಸುರಕ್ಷಿತ ವೆಬ್ ಬಳಸುವ 443ನೆಯ ಪೋರ್ಟ್‌ಗೆ ಕಳುಹಿಸಿದಾಗ ಅದು 11ನೆಯ ಸಾಲಿನಲ್ಲೇ ಉತ್ತರಿಸಿತು. ಫೈರ್‌ವಾಲ್ ಯುಡಿಪಿಯನ್ನು ತಡೆದಿತ್ತು, ಅಷ್ಟೆ. ಇನ್ನು ಟ್ರೇಸ್‌ರೂಟ್ ಸಾಲಿಗೆ ಕಳುಹಿಸುವ ಮೂರು ಪ್ಯಾಕೆಟ್ ನೋಡಿ ತೀರ್ಮಾನಿಸಬೇಡಿ. ಮಾತು ತುಂಡಾಗುವ ಹೊತ್ತಿನಲ್ಲೇ ಎಂಟಿಆರ್‌ನಲ್ಲಿ (ಟ್ರೇಸ್‌ರೂಟನ್ನು ಮತ್ತೆ ಮತ್ತೆ ನಡೆಸಿ ಪ್ರತಿ ಸಾಲಿನ ನಷ್ಟವನ್ನು ಶೇಕಡದಲ್ಲಿ ತೋರಿಸುವ ಉಪಕರಣ) ನೂರು ಪ್ಯಾಕೆಟ್ ಕಳುಹಿಸಿ. ನಡುವಿನ ಒಂದು ಸಾಲಿನಲ್ಲಿ ಕಂಡ ನಷ್ಟ ಅದರ ಮುಂದಿನ ಸಾಲುಗಳಲ್ಲಿ ಮಾಯವಾದರೆ ಅದು ನಷ್ಟವಲ್ಲ. ಕೊನೆಯ ಸಾಲಿನವರೆಗೂ ಹಾಗೆಯೇ ಹರಿದರೆ, ಅದು ಶುರುವಾದ ಜಾಗವನ್ನು ಹುಡುಕಿ.

ಹೆಬ್ಬಾಳದಿಂದ:
ಎಂಪಿಎಲ್‌ಎಸ್ (ಪ್ಯಾಕೆಟ್‌ಗೆ ಗುರುತಿನ ಚೀಟಿ ಅಂಟಿಸಿ ಸಾಗಿಸುವ ವಿಧಾನ) ಬಳಸುವ ಜಾಲಗಳಲ್ಲಿ ಕೆಲವು ರೂಟರ್‌ಗಳು ನಕ್ಷತ್ರವಾಗಿಯೂ ಕಾಣಿಸದೆ ಇರಬಹುದು. ಸಾಲುಗಳನ್ನು ಎಣಿಸಿ ದೂರ ಅಳೆಯಬೇಡಿ.

ಕೋರಿದವರಿಂದ, ಎರಡು ದಿನಗಳ ನಂತರ:
ಎಲ್ಲರಿಗೂ ಧನ್ಯವಾದಗಳು. ನಿನ್ನೆ ಸಂಜೆ ಏಳು ಗಂಟೆಗೆ ನೋಡಿದಾಗ 5ರಿಂದ 7ನೆಯ ಸಾಲಿನವರೆಗೆ ನೂರಕ್ಕೆ ನೂರು ನಷ್ಟವಿತ್ತು, ಕೊನೆಯ ಸಾಲಿನಲ್ಲಿ ಶೇಕಡ 9. ಆ 9 ಮೊದಲ ಸಾಲಿನಲ್ಲೇ, ಅಂದರೆ ನಮ್ಮ ಮನೆಯ ವೈಫೈ ಪೆಟ್ಟಿಗೆಯಲ್ಲೇ ಇತ್ತು. ಅದನ್ನು ಕಬ್ಬಿಣದ ಬೀರುವಿನ ಹಿಂದೆ ಇಟ್ಟಿದ್ದೆವು. ಲ್ಯಾಪ್‌ಟಾಪ್‌ಗೆ ನೇರವಾಗಿ ಕೇಬಲ್ ಎಳೆದ ಮೇಲೆ ಕೊನೆಯ ಸಾಲು ಸೊನ್ನೆಗೆ ಇಳಿಯಿತು. 5, 6, 7ರ ನಕ್ಷತ್ರಗಳು ಹಾಗೆಯೇ ಇವೆ.